ಮಗ್ಗುಲ ಮುಳ್ಳು

ಮೂಳೆಯಲ್ಲ, ಕೀಲೂ ಅಲ್ಲ ಅಂದ ಬ್ರೇಶೊ,
ಫಿಸಿಯೋಥೆರಪಿ ಹುಡುಗ, ಮೀಸೆ ಈಗಷ್ಟೇ ಮೂಡಿದವನು.
ಸೊಂಟದ ಹೊರಬದಿಯಲ್ಲಿ, ತೊಡೆ ಶುರುವಾಗುವ ಗಂಟಿನ ಮೇಲೆ
ಹೆಬ್ಬೆರಳೂರಿದ.
ನಾನು ಮೇಜಿನಿಂದ ಒಂದು ಗೇಣು ಮೇಲೆದ್ದೆ,
ಅವನ ತಾತನವರೆಗೂ ಬೈದೆ.
"ಇಲ್ಲೇ," ಅಂದ,
ಕಳೆದ ಕಾಸು ಸಿಕ್ಕವನ ಹಾಗೆ.

ಅಲ್ಲೊಂದು ಚೀಲವಂತೆ, ನೀರಿನದು,
ಎಲುಬಿಗೂ ಸ್ನಾಯುವಿಗೂ ಜಗಳವಾಗದಿರಲೆಂದು
ನಡುವೆ ಕೂತದ್ದು.
ಈಗ ಉರಿಯುತ್ತಿರುವುದು ಅದೇ.
ಜಗಳ ಬಿಡಿಸಲು ಹೋದವರಿಗೇ ಮೊದಲ ಪೆಟ್ಟು,
ನಮ್ಮ ಕಂಬಾದೊಸಿನ ಮೀನು ಹರಾಜಿನಲ್ಲೂ ಹಾಗೇ.

"ಒಂಟಿ ಕಾಲಲ್ಲಿ ನಿಲ್ಲಿ, ಮೂವತ್ತು ಎಣಿಸುವೆ."
ಹನ್ನೊಂದಕ್ಕೆ ಗೋಡೆ ಹಿಡಿದೆ.

ಮೂವತ್ತನಾಲ್ಕು ವರ್ಷ
ಕಡಲು ಹಿಂದೆ ಸರಿದ ಕೆಸರಲ್ಲಿ ಬಾಗಿ
ಕಬ್ಬಿಣದ ಹಲ್ಲಿನ ಕುಂಟೆ ಎಳೆದು
ಕಪ್ಪೆಚಿಪ್ಪು ಹೆಕ್ಕಿದವಳು ನಾನು, ದೊರಿಂದಾ.
ತುಂಬಿದ ಬಕೆಟ್ಟು ಎಡಸೊಂಟದ ಮೇಲೆ, ಮಗು ಹೊತ್ತ ಹಾಗೆ.
ಮಗುವನ್ನು ಹೊತ್ತದ್ದೂ ಅಲ್ಲೇ.
ಬ್ಯಾಂಕಿನ ಸಾಲಿನಲ್ಲಿ, ಸಾವಿನ ಮನೆಗಳಲ್ಲಿ
ಭಾರವನ್ನೆಲ್ಲ ಅದೇ ಕಾಲಿಗೆ ಹಾಕಿ
ಜೋತು ನಿಂತದ್ದು.

ಎಲ್ಲ ಬರೆದುಕೊಂಡ. ಆಮೇಲೆ ಕೇಳಿದ:
"ಯಾವ ಮಗ್ಗುಲಲ್ಲಿ ಮಲಗುತ್ತೀರಿ?"
ಪಾದ್ರಿಯೂ ಕೇಳಿರಲಿಲ್ಲ ಇಂಥ ಪ್ರಶ್ನೆ.
ಎಡಕ್ಕೆ, ಗೋಡೆಗೆ ಮುಖ ಮಾಡಿ.
"ಎಷ್ಟು ದಿನದಿಂದ?"
ಒಂಬತ್ತು ವರ್ಷ.

ಯಾಕೆಂದು ಹೇಳಲಿಲ್ಲ.
ನನ್ನಮ್ಮನ ಹೆಸರು ಬರೆದಿದ್ದ ದೋಣಿಯನ್ನು
ನನಗೊಂದು ಮಾತೂ ಹೇಳದೆ
ಎಲಾದಿಯೊ ಮಾರಿ ಬಂದ ರಾತ್ರಿ
ಗೋಡೆಯ ಕಡೆ ತಿರುಗಿದವಳು
ತಿರುಗಿಯೇ ಇದ್ದೇನೆ ಎಂದು.

"ಇನ್ನು ಬಲಕ್ಕೆ ಮಲಗಿ. ಮಂಡಿಗಳ ನಡುವೆ ದಿಂಬು.
ಕಾಲ ಮೇಲೆ ಕಾಲು ಹಾಕಿ ಕೂರಬೇಡಿ.
ಜಗ್ಗಿ ಎಳೆಯಬೇಡಿ, ಅದಕ್ಕೆ ಬೇಕಿರುವುದು ಎಳೆತವಲ್ಲ, ಬಲ.
ಹನ್ನೆರಡು ವಾರ."
ಹನ್ನೆರಡು ವಾರ!
ಅಷ್ಟರಲ್ಲಿ ಕಡಲು ನೂರರವತ್ತು ಸಲ ಬಂದು ಹೋಗುತ್ತದೆ ಮಾರಾಯ.

ಒಂದು ವ್ಯಾಯಾಮದ ಹೆಸರೇ ಕಪ್ಪೆಚಿಪ್ಪು.
ನಿಜವಾಗಿ, ತಮಾಷೆಯಲ್ಲ ಅಂದ, ಕಿವಿ ಕೆಂಪಾಗಿ.
ಮಗ್ಗುಲಾಗಿ ಮಲಗು, ಮಂಡಿ ಮಡಚು,
ಹಿಮ್ಮಡಿಗೆ ಹಿಮ್ಮಡಿ ಅಂಟಿರಲಿ,
ಮೇಲಿನ ಮಂಡಿ ಮಾತ್ರ ಮೆಲ್ಲಗೆ ತೆರೆ,
ಇನ್ನೂ ಮೆಲ್ಲಗೆ ಮುಚ್ಚು.
ತೊಡೆಗಳ ಸುತ್ತ ಹಸಿರು ರಬ್ಬರು ಪಟ್ಟಿ,
ತೆರೆಯಬೇಡ ಎನ್ನುತ್ತದೆ ಅದು.

ಕುದಿಯಲ್ಲೂ ತೆರೆಯದ ಚಿಪ್ಪನ್ನು
ನಾವು ಎಸೆಯುತ್ತೇವೆ.
ಒಳಗೆ ಸತ್ತದ್ದು, ಇಲ್ಲವೇ ಬರಿ ಕೆಸರು.

ಆ ರಾತ್ರಿ ಬಲಕ್ಕೆ ತಿರುಗಿದೆ.
ಅವನು ಮುದುಕನಾಗಿದ್ದ. ಯಾರೂ ಹೇಳಿರಲಿಲ್ಲ ನನಗೆ.
ಹುಬ್ಬಿನಲ್ಲಿ ಒಂದೂ ಕಪ್ಪು ಕೂದಲಿಲ್ಲ,
ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಓಡಾಡುತ್ತಿತ್ತು,
ನಿದ್ದೆ ಬಂದಿಲ್ಲವೆಂದು ಗೊತ್ತಾಗುವ ಹಾಗೆ.
ಒಂಬತ್ತು ವರ್ಷ ಈ ಮನುಷ್ಯ
ನನ್ನ ಬೆನ್ನು ನೋಡಿಕೊಂಡು ಮಲಗಿದ್ದ.

ಮೂರನೇ ವಾರ, ತೆರೆದು ಮುಚ್ಚುವಾಗ
ಕತ್ತಲಿಂದ ದನಿ: ನಾಲ್ಕು, ಐದು, ಆರು, ಎಂಟು.
"ಏಳು ಬಿಟ್ಟೆ," ಅಂದೆ.
"ಬಿಡು, ನೋಯುತ್ತದೆ ನಿನಗೆ," ಅಂದ.
"ಏಳು," ಅಂದೆ ನಾನು, ಹಲ್ಲು ಕಚ್ಚಿ, ಮತ್ತೆ ತೆರೆದೆ.

ಈಗ ಚರ್ಚಿನ ಮೆಟ್ಟಿಲು ಕೈ ಊರದೆ ಹತ್ತುತ್ತೇನೆ.
ಬಕೆಟ್ಟಿಗೆ ಚಕ್ರದ ಗಾಡಿ ಮಾಡಿಕೊಟ್ಟಿದ್ದಾನೆ,
ಕೀಚಲು ದನಿಯದು, ದಡದ ಹೆಂಗಸರೆಲ್ಲ ನಗುತ್ತಾರೆ.
"ಹತ್ತಕ್ಕೆ ಎಷ್ಟು ನೋವು?" ಅನ್ನುತ್ತಾನೆ ಬ್ರೇಶೊ.
ಮೂರು. ಮಳೆ ಬಂದರೆ ನಾಲ್ಕು.
ದೋಣಿಯದು ಬೇರೆ ಲೆಕ್ಕ, ಅದನ್ನವನು ಕೇಳುವುದಿಲ್ಲ,
ಎಲಾದಿಯೊನೂ ಇನ್ನೂ ಎತ್ತಿಲ್ಲ.

ಆದರೆ ನಡುರಾತ್ರಿ ಮಂಡಿಗಳ ನಡುವಿನ ದಿಂಬು ಜಾರಿದರೆ
ಯಾರೋ ಮೆಲ್ಲಗೆ ಅದನ್ನು ಮತ್ತೆ ತೂರಿಸಿಡುತ್ತಾರೆ.
ನಾನು ಗೊರಕೆ ಹೊಡೆಯುತ್ತೇನೆ,
ಎಚ್ಚರವಿದ್ದುಕೊಂಡೇ.