ಉಗ್ರಾಣದ ಲೆಕ್ಕ

ಶುಕ್ರವಾರ ಸಂಜೆ ಹಳೇ ಮಸ್ಕತ್ತಿನ ಕಡಲಕಟ್ಟೆಯ ಮೇಲೆ ಕೂತು
ಹವಾಲ್ದಾರ್ ಲಕ್ಕಪ್ಪ ಹುದ್ದಾರ ಕೋಟೆ ತೋರಿಸಿದ.
ಬೆರಳಿಗೆ ಜೀರಿಗೆಯ ವಾಸನೆ, ಕಿವಿಯ ಮೇಲೆ ಪೆನ್ಸಿಲ್ಲು.
ಹದಿನೇಳು ವರ್ಷ ಫೌಜಿನ ರೇಷನ್ ಹಂಚಿದವನು,
ಈಗ ಅಮರಾತ್ ಕ್ಯಾಂಪಿನ ಉಗ್ರಾಣ ಅವನದು,
ಅವನ ಕೈಕೆಳಗೆ ನಾನು.

"ತಮ್ಮಾ, ಆ ಗ್ವಾಡಿ ನೋಡು. ತೋಪಿಗೆ ಬಗ್ಗಲಿಲ್ಲ ಅದು.
ಒಳಗ ಪರಂಗಿಯವ್ರು, ಹೊರಗ ಅರಬರು,
ನಡುವ ನಮ್ಮ ದೇಶದಾಂವ ಒಬ್ಬ ಯಾಪಾರಿ,
ಕಾಳು, ನೀರು, ಮದ್ದು ಪೂರೈಸಾಂವ.
ಅಕ್ಕಿಗೆ ಹುಳ ಬಿದ್ದಾವು, ನೀರು ನಾರತೈತಿ,
ಎಲ್ಲಾ ತಗದು ಹೊಸಾದು ತುಂಬೂಣು ಅಂದ.
ತಗದ.
ತುಂಬಲಿಲ್ಲ.
ಹಿಂಗಂತ ಜನ ಹೇಳ್ತಾರ. ಖರೇನೋ ಸುಳ್ಳೋ."

ಅವನ ಟ್ರಂಕಿನಲ್ಲಿ ರಟ್ಟು ಹರಿದ ಯುದ್ಧದ ಪುಸ್ತಕಗಳು, ನಾಲ್ಕೋ ಐದೋ.
ಸೇನಾಪತಿಯ ಕುದುರೆಗೂ ಹೆಸರಿತ್ತು ಅವುಗಳಲ್ಲಿ.
ಕುದುರೆಗೆ ಹುರುಳಿ ಬೇಯಿಸಿದವನನ್ನು ಹುಡುಕಿ ಹುಡುಕಿ
ಅಂಚಿನಲ್ಲಿ ಬರೆದಿದ್ದ:
ಊಟ ಯಾರು ಕೊಟ್ಟರು?
ಪುಟಪುಟಕ್ಕೂ ಅದೇ.

ನಾನು ಬಸ್ರೂರಿನವನು. ನಮ್ಮ ಹೊಳೆಯಿಂದ ಹೊರಟ ಅಕ್ಕಿ
ಈ ಕೋಟೆಯವರ ಹೊಟ್ಟೆ ಸೇರುತ್ತಿತ್ತು ಅಂತ
ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ನೆನಪಾಗಿ, ಹೇಳಿದೆ.
ಬಹಳ ಹೊತ್ತು ನಕ್ಕ.
"ಹಂಗಾರ ನಿಮ್ಮ ಮುತ್ಯಾ ಚೀಲ ಹೊತ್ತ,
ನೀನೂ ಹೊರಾಕತ್ತಿ. ಬದಲಾಗಿದ್ದೇನು?"

ಒಣಗಿದ ಹಳ್ಳಕ್ಕೆ ಇಲ್ಲಿ ವಾದಿ ಅನ್ನುತ್ತಾರೆ.
ಆ ವರ್ಷದ ಬಿರುಗಾಳಿಗೆ ವಾದಿ ಎದ್ದು ನಿಂತು
ರಸ್ತೆಯನ್ನು ಟಾರಿನ ಸಮೇತ ಎಳೆದುಕೊಂಡು ಹೋಯಿತು.
ಆರುನೂರ ಹನ್ನೆರಡು ಜನ. ಅಕ್ಕಿ ಎರಡು ದಿನಕ್ಕೆ.
ಮ್ಯಾನೇಜರನ ಫೋನು ಸತ್ತಿತ್ತು, ಜನರೇಟರು ಕೆಮ್ಮುತ್ತಿತ್ತು.
ಮೊದಲ ಸಂಜೆಯೇ ಉಗ್ರಾಣದ ಮುಂದೆ ಗುಂಪು,
ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ.

ರಾತ್ರಿ ಒಂದಕ್ಕೆ ನನ್ನನ್ನು ಎಬ್ಬಿಸಿದ.
ಖಾಲಿ ಚೀಲ, ಸಲಿಕೆ, ಹಿತ್ತಲಿನ ಒದ್ದೆ ಮರಳು.
ಬೆಳಗಿನ ಬಾಂಗಿನ ತನಕ ತುಂಬಿದೆವು, ಹೊಲಿದೆವು, ಪೇರಿಸಿದೆವು.
ಹಿಂದೆ ಎಂಬತ್ತು ಚೀಲ ಮರಳು,
ಮುಂದೆ ಒಂದೇ ಸಾಲು ಅಕ್ಕಿ.
ಆಮೇಲೆ ಎರಡೂ ಕದ ಹಾರುಹೊಡೆದು
ತನ್ನ ಫೌಜಿ ಹಿಂದಿಯಲ್ಲಿ ಕೂಗಿದ:
ಬನ್ನಿ, ಎಣಿಸಿಕೊಳ್ಳಿ. ಹತ್ತು ದಿನಕ್ಕಿದೆ.
ಆದರೆ ಹೊತ್ತಿಗೊಂದೇ ಸೌಟು ಗಂಜಿ. ಹುಕುಂ.

ಸಲಾಕೆಯವನು ಒಳಗೆ ಬಂದ, ಬೆರಳು ಮಡಚಿ ಎಣಿಸಿದ,
ಸಲಾಕೆಯನ್ನು ಗೋಡೆಗೆ ಒರಗಿಸಿ ಹೋದ.

ಐದನೇ ದಿನ ಹೆಲಿಕಾಪ್ಟರು ಬಂತು.
ಅಷ್ಟರಲ್ಲಿ ಗಂಜಿಯೊಳಗೆ ಅಗುಳನ್ನು ಹುಡುಕಬೇಕಿತ್ತು,
ಆದರೆ ಒಂದು ಹೆಣವೂ ಏಳಲಿಲ್ಲ.

ಅವನು ತುಂಬಿದ ಕೋಟೆಯನ್ನು ಸುಳ್ಳಿನಿಂದ ಬರಿದು ಮಾಡಿದ,
ಇವನು ಬರಿದಾದ ಉಗ್ರಾಣವನ್ನು ಸುಳ್ಳಿನಿಂದ ತುಂಬಿದ
ಅಂತ ಎಷ್ಟೋ ವರ್ಷ ಕತೆ ಹೇಳಿಕೊಂಡು ತಿರುಗಿದೆ.

ಮೊನ್ನೆ ಮತ್ರಾದ ಮೀನುಮಾರ್ಕೆಟ್ಟಿನಲ್ಲಿ ಶಫೀಕುಲ್ ಸಿಕ್ಕ.
ಸಲಾಕೆ ಹಿಡಿದಿದ್ದವನು. ಈಗ ತಕ್ಕಡಿ ಹಿಡಿದಿದ್ದಾನೆ.
"ನಾನೂ ಚೀಲ ಹೊತ್ತವನೇ ಅಲ್ಲವಾ ಭಾಯಿ.
ಅಕ್ಕಿ ಚೀಲ ಕೂತರೆ ಸೊಂಟ ಸಡಿಲಿಸುತ್ತದೆ.
ಒದ್ದೆ ಮರಳು ಹಾಗೆ ಕೂರುತ್ತದಾ?
ಎಣಿಸುವಾಗಲೇ ಗೊತ್ತಾಗಿತ್ತು."

ಮತ್ತೆ ಯಾಕೆ ಸುಮ್ಮನಿದ್ದಿ?

ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, ಮುಚ್ಚಿ, ಹೇಳಿದ:
"ರಾತ್ರಿಯಿಡೀ ಸಲಿಕೆಯ ಸದ್ದು ಕೇಳಿಸುತ್ತಿತ್ತು.
ಅಷ್ಟು ಮರಳು ತುಂಬುವವನು
ನಮ್ಮನ್ನು ಬಿಟ್ಟು ಓಡುವವನಲ್ಲ ಅನ್ನಿಸಿತು.
ಉಳಿದವರಿಗೂ ನಾನೇ ಹೇಳಿದೆ, ಸರಿಯಾಗಿದೆ ಅಂತ."

ಹವಾಲ್ದಾರನಿಗೆ ಇದು ತಿಳಿಯಲೇ ಇಲ್ಲ.
ಗೋಕಾಕಿಗೆ ಹೋದ, ಅಲ್ಲಿಂದ ಮಣ್ಣಿಗೆ.
ಅವನದೊಂದು ಪುಸ್ತಕ ನನ್ನಲ್ಲೇ ಉಳಿದಿದೆ.
ನಿನ್ನೆ ಆ ಪ್ರಶ್ನೆಯ ಕೆಳಗೆ
ಶಫೀಕುಲ್ ಅಂತ ಬರೆಯಹೊರಟು, ಅರ್ಧಕ್ಕೆ ಸೀಸ ಮುರಿಯಿತು.

ಹೊರಗೆ ಲಾರಿ ಬಂದಿತ್ತು.
ಚೀಲ ಇಳಿಸುತ್ತಿದ್ದರು.
ಸದ್ದಿಗೆ ಕಿವಿಗೊಟ್ಟು ನಿಂತೆ.