ನೂರಾ ಹದಿನೇಳು

ವಾಲ್‌ಪರೈಸೊದ ನಮ್ಮ ಗುಡ್ಡದಲ್ಲಿ
ಮನೆಗಿಂತ ಮೆಟ್ಟಿಲೇ ಹೆಚ್ಚು.
ನಹುವೆಲ್ ಎಣಿಸುತ್ತಿದ್ದ. ಮೊದಮೊದಲು ಆಟ,
ನಾನೂ ದನಿಗೂಡಿಸಿದ್ದುಂಟು.

ಆಮೇಲೆ, ನಡುವೆ ನಾಯಿ ಬೊಗಳಿದರೂ
ಲೆಕ್ಕ ತಪ್ಪಿತೆಂದು ಕೆಳಗಿಳಿದು
ಮತ್ತೆ ಒಂದರಿಂದ.
ಶಾಲೆಯ ಗಂಟೆ ಹೊಡೆದಾಗ
ಅವನಿನ್ನೂ ನಲವತ್ತಮೂರರಲ್ಲಿ.

ಅತ್ತೆ ರೂಡಾ ಸೊಪ್ಪು ನಿವಾಳಿಸಿ ದೃಷ್ಟಿ ತೆಗೆದರು.
ಗಂಡ, ಬಂದರಿನ ಕ್ರೇನಿನಿಂದ ಇಳಿದು ಬಂದವನು,
'ಎರಡು ಬಿಟ್ಟರೆ ಸರಿಹೋದಾನು' ಎಂದ.
ಬಿಡಲಿಲ್ಲ. ಎತ್ತಿದ ಕೈಯಲ್ಲಿ
ತನ್ನ ತಲೆಯನ್ನೇ ಕೆರೆದುಕೊಂಡ.

ನಾನು ಕೇಳದವರಿಲ್ಲ.
ಬ್ರೆಡ್ಡಿನ ಅಂಗಡಿಯವಳು ಪಾದ್ರಿಯ ಹೆಸರು ಹೇಳಿದಳು.
ಫೋನಿನೊಳಗಿನ ದನಿ 'ಒಂದು ಒತ್ತಿ, ನಾಲ್ಕು ಒತ್ತಿ' ಎಂದಿತು,
ಅದೂ ಎಣಿಸುವುದನ್ನೇ ಕಲಿಸಿತು ನನಗೆ.
ಕೊನೆಗೆ ಲಸಿಕೆಯ ಸಾಲಿನಲ್ಲಿ, ಗೋಡೆಯ ಮೇಲೊಂದು ಹಾಳೆ,
ನಕಲಿನ ನಕಲಿನ ನಕಲು, ಅರ್ಧ ಅಕ್ಷರ ಮಾಸಿದ್ದು:
'ನಿಮ್ಮ ಮಗು ಒಂದೇ ಕೆಲಸವನ್ನು ಮತ್ತೆ ಮತ್ತೆ...'
ನಿಂತು ಓದಿದೆ. ಸಾಲು ನನ್ನನ್ನು ದಾಟಿ ಹೋಯಿತು.
ಇದಕ್ಕೊಂದು ಹೆಸರಿದೆ. ಹೆಸರಿದೆ ಎಂದರೆ
ಬೇರೆ ಮನೆಗಳಲ್ಲೂ ಇದೆ.

ಹನ್ನೊಂದು ವಾರ ಕಾದು ಸಿಕ್ಕಿದ ದಿನ.
ಚಿಕಿತ್ಸಾಲಯವೋ, ಬೀದಿಯಿಂದ ಮೇಲೆ
ನೂರಾ ಹದಿನೇಳು ಮೆಟ್ಟಿಲು!
ಎಪ್ಪತ್ತರಲ್ಲಿ ಗ್ಯಾಸಿನ ಗಾಡಿಯವನು ಸಿಲಿಂಡರ್ ಬಡಿದ.
ಇಳಿದೆವು.
ಮೂವತ್ತೊಂದು. ಇಳಿದೆವು.
ನಮ್ಮ ಸಮಯ ಮುಗಿದೇ ಹೋಯಿತು.
ಕೆಳಗಿನ ಮೆಟ್ಟಿಲಲ್ಲಿ ಅಳುತ್ತ ಕೂತೆ,
ಕರವಸ್ತ್ರವೂ ಇಲ್ಲದೆ, ತೋಳಿನಲ್ಲೇ ಒರೆಸಿಕೊಂಡು.

ಮೇಲಿಂದ ಒಬ್ಬಳು ಇಳಿದು ಬಂದಳು,
ಕೊರಳಲ್ಲಿ ಗುರುತಿನ ಚೀಟಿ, ಕಾಲಲ್ಲಿ ಉಣ್ಣೆಯ ಚಪ್ಪಲಿ. ಒರಿಯಾನಾ.
ಗಡಿಯಾರ ನೋಡಲಿಲ್ಲ. ಅವನ ಪಕ್ಕ ಕೂತಳು.
'ಎಲ್ಲಿಯವರೆಗೆ ಹೋಗಿದ್ದೆ?'
'ಎಪ್ಪತ್ತು.'
'ಎಪ್ಪತ್ತೊಂದನೆಯದು ಏನನ್ನುತ್ತದೆ ನಿನಗೆ?'

ನಾವೆಲ್ಲ 'ನಿಲ್ಲಿಸು' ಅಂದವರೇ. ಇದನ್ನು ಕೇಳಿರಲಿಲ್ಲ.
ನನ್ನತ್ತ ಒಮ್ಮೆ ನೋಡಿ, ಅವಳ ಕಿವಿಗೆ ಬಾಗಿ
ಬಹಳ ಹೊತ್ತು ಹೇಳಿದ.

ಲೆಕ್ಕ ತಪ್ಪಿದರೆ ಅಮ್ಮ ಸಾಯುತ್ತಾಳಂತೆ.
ಒಂಬತ್ತು ವರ್ಷದ ಹೆಗಲಿನ ಮೇಲೆ
ದಿನಾ ನನ್ನನ್ನು ಹೊತ್ತು ಹತ್ತುತ್ತಿದ್ದನಲ್ಲ.

ಆ ದಿನ ಮೇಲೆ ಹೋಗಲೇ ಇಲ್ಲ.
ಮುಂದಿನ ಆರು ಮಂಗಳವಾರವೂ ಮೆಟ್ಟಿಲಲ್ಲೇ ಚಿಕಿತ್ಸೆ,
ಮಳೆ ಬಂದರೆ ಕೊಡೆ.

ಈಗಲೂ ಎಣಿಸುತ್ತಾನೆ. ನಿನ್ನೆ
ಐವತ್ತಾರಕ್ಕೆ ತಪ್ಪಿತು. ನಿಂತ.
ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿ
'ಇರಲಿ ಬಿಡು' ಎಂದು
ಮುಂದಿನದಕ್ಕೆ ಕಾಲಿಟ್ಟ.

ಐವತ್ತೇಳು, ಎಂದುಕೊಂಡೆ ನಾನು.