ಒಂದು ಹಲ್ಲು

ಕುಂಬಳೆ ಪೇಟೆಯ ಹಲ್ಲಿನ ಡಾಕ್ಟರು ಸಫ್ವಾನ
ಎರಡು ಬಾಗಿಲಿನ ಕೆಂಪು ಕಾರು ತಂದು
ನನ್ನ ಶೆಡ್ಡಿನೆದುರು ನಿಲ್ಲಿಸಿದರು.
ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು.
ಉಡ ಬಂತು, ಎಂದ ಶಿಜು.

ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು
ಮೊದಲ ಸಲ ಕ್ಲಿನಿಕ್ಕಿಗೆ ಬಂದ ಮಗುವಿನ ಹಾಗೆ
ಕೂತಿತ್ತು ಪೆಟ್ಟಿಗೆ.
ಬಿಚ್ಚಿದರೆ ಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗೆ ಮೆತ್ತನೆ ಬಟ್ಟೆ,
ಬಟ್ಟೆಯೊಳಗೆ ಕಪ್ಪು ಸ್ಟಿಯರಿಂಗು.
ಅಡಿ ಚಪ್ಪಟೆ. ಕಾರ್ಬನ್ ಫೈಬರ್.
ಭಾರಕ್ಕೆ ತಯಾರಾಗಿದ್ದ ನನ್ನ ತೋಳು
ಪೆಚ್ಚಾಗಿ ಮೇಲೆದ್ದಿತು.
ಜೊತೆಗೊಂದು ಕಾಗದ, ಹನ್ನೊಂದು ಭಾಷೆಯಲ್ಲಿ ಎಚ್ಚರಿಕೆ;
ಈ ಶೆಡ್ಡಿನಲ್ಲಿ ನಾವಾಡುವ ನಾಲ್ಕರಲ್ಲಿ
ಒಂದೂ ಇಲ್ಲ.

"ಬೆಲೆ ಕೇಳಬೇಡಿ ಐತಪ್ಪಣ್ಣ,
ನಲವತ್ತು ರೂಟ್ ಕೆನಾಲು!"

ಬ್ಯಾಟರಿಯ ವೈರು ಕಳಚಿ ಕಾಯಬೇಕು ಸ್ವಲ್ಪ ಹೊತ್ತು,
ಏರ್‌ಬ್ಯಾಗಿನ ಸಿಟ್ಟು ಇಳಿಯುವ ತನಕ.
ಆ ಹೊತ್ತಿಗೆ ಬುತ್ತಿ ತಂದ ಅಮ್ಮ
ಬೆಂಚಿನ ಮೇಲಿನ ಚಕ್ರಕ್ಕೆ ಬಾಗಿದಳು.
ಐವತ್ತು ವರ್ಷ ಮುಂಡೇವಿನ ಮುಳ್ಳು ಸೀಳಿ
ಚಾಪೆ ಹೆಣೆದವಳು ಕೊರಪಾಳು.
ಎರಡು ಮೇಲೆ, ಎರಡು ಕೆಳಗೆ, ಒಂದು ಸರಿದು
ಮತ್ತೆ ಎರಡು ಮೇಲೆ...
ತುಟಿಯಲ್ಲೇ ಎಣಿಸಿದಳು, ಎಲ್ಲೂ ತಪ್ಪಿಲ್ಲ.
ಆಮೇಲೆ ಬೆರಳು ಇಟ್ಟಳು.
ಗಾಜು.
ಕಣ್ಣಿಗೆ ಕಾಣುವ ಹೆಣಿಗೆ ಬೆರಳಿಗೆ ಸಿಗುವುದಿಲ್ಲ.
ಇನ್ನೊಮ್ಮೆ ಸವರಿದಳು, ಉಗುರಿನಿಂದ ಕೆರೆದಳು,
"ಅಂಚು ಎಲ್ಲಿ ಮುಗಿಸಿದ್ದಾರೆ?" ಎಂದಳು.
ನನಗೆ ಗೊತ್ತಿರಲಿಲ್ಲ.

ನಟ್ಟು ಪೂರ್ತಿ ಬಿಚ್ಚಬೇಡ, ಎರಡು ಸುತ್ತು ಇರಲಿ,
ಇಲ್ಲದಿದ್ದರೆ ಚಕ್ರ ಕಿತ್ತು ಬಂದು
ಮೂಗಿನ ಮೇಲೆ ಕೂರುತ್ತದೆ.
ಇದು ಶಿಜುವಿಗೆ ಹೇಳಿದ್ದು.
ನನಗೆ ಹೇಳುವವರು ಯಾರೂ ಇರಲಿಲ್ಲ ಅಂದು,
ಅದಕ್ಕೇ ಮೂಗು ಹೀಗೆ.

ಹಳೆಯದು ಇದ್ದ ಗುರುತಿಗೆ
ಕವಳದ ಡಬ್ಬಿಯ ಸುಣ್ಣ ತೆಗೆದು
ದಂಡದ ತುದಿಗೊಂದು ಚುಕ್ಕೆ ಇಟ್ಟೆ.
ನನ್ನ ಬೆವರೇ ಅದನ್ನು ತಿಂದಿತು.

ಕೂರಿಸಿ, ಬಿಗಿದು, ಹಾರನ್ನು ಹೊಡೆದು ನೋಡಿ
ಸೀತಾಂಗೋಳಿಯ ಕಡೆಗೆ ಬಿಟ್ಟೆವು.
ಏರಿನಲ್ಲಿ ಕಾರು ನಿಜವಾಗಿ ಉಡವೇ,
ಮುರಕಲ್ಲಿನ ಗೋಡೆಗಳನ್ನು ಮೂಸುತ್ತ ತಿರುಗಿತು.
ಡಾಕ್ಟರ ಹೆಬ್ಬೆರಳು ಮಾತ್ರ ಕಪ್ಪಿನ ಮೇಲೆ
ಏನೋ ಹುಡುಕುತ್ತಿತ್ತು.
ನೇರ ದಾರಿ ಸಿಕ್ಕಿತು. ಕೈ ಸಡಿಲಿಸಿದರು.
ಕಾರು ನೇರ. ಚಕ್ರ ವಾರೆ.
ಎಡಕ್ಕೆ ಒಂದಿಷ್ಟು, ಮೈಲಿಕಲ್ಲಿನ ಹೆಸರು
ಓದಲು ತಲೆ ವಾಲಿಸಿದವರ ಹಾಗೆ.

"ಐತಪ್ಪಣ್ಣ," ಎಂದರು ನಗದೆ,
"ಒಂದು ಹಲ್ಲು ತಪ್ಪಿದೆ."
ಹೌದು, ದಂಡದ ಹಲ್ಲಿನಲ್ಲಿ ಒಂದೇ ಒಂದು.
"ನನ್ನ ಕುರ್ಚಿಯಲ್ಲಾದರೆ ತಂತಿ ಕಟ್ಟಿ
ಎರಡು ವರ್ಷ ಕಾಯಿಸುತ್ತೇನೆ. ನಿಮಗೆ?"
"ಹತ್ತು ನಿಮಿಷ," ಎಂದೆ.
ಹಿಡಿಯಿತು ನಲವತ್ತು.

ಬಿಲ್ಲು ಕನ್ನಡದಲ್ಲಿ, ಚೌಕಾಸಿ ಮಲಯಾಳದಲ್ಲಿ,
ಜಾರಿದ ಸ್ಪಾನರಿಗೆ ಬೈದದ್ದು ತುಳುವಿನಲ್ಲಿ.
ಹೊರಡುವಾಗ ಹಳೆ ಚಕ್ರ ನೋಡಿದರು.
ಚರ್ಮ ಸವೆದು ಬಲಬದಿಯಲ್ಲಿ
ಅವರದೇ ಅಂಗೈಯಷ್ಟು ಬಿಳಿಚಿತ್ತು.
ಮುಟ್ಟಲಿಲ್ಲ. "ನಿಮಗೇ ಇರಲಿ," ಎಂದರು,
ಗೇರು ಹಾಕಿದರು.

ಮಾರಬಹುದಿತ್ತು. ಉಪ್ಪಳದ ಗುಜರಿಯವ
ಎರಡು ಸಲ ಕೇಳಿದ.
ಅಷ್ಟರಲ್ಲಿ ಅಮ್ಮ ಅದನ್ನು ಮೂಲೆಯಲ್ಲಿ ಮಲಗಿಸಿ
ನೀರಿನ ಮಡಕೆಗೆ ಸಿಂಬಿ ಮಾಡಿದ್ದಳು.
ಏರ್‌ಬ್ಯಾಗು ತೆಗೆದ ಹಳ್ಳದಲ್ಲಿ
ಮಡಕೆಯ ತಳ ಸರಿಯಾಗಿ ಕೂರುತ್ತದೆ.

ಈಗ ನೀರು ಮೊಗೆಯುವಾಗ ಶಿಜು
ಒಂದು ಕೈಯಲ್ಲಿ ಅದರ ಅಂಚು ಹಿಡಿದು
ಬಾಯಲ್ಲೇ ಗೇರು ಬದಲಿಸುತ್ತಾನೆ.